ಕರಿಯ ಬದುಕಿದ, ಇಲಿಯ ಮಾತೇನು?



 ಈ ವಾರದ ವಿಚಾರ ಒಂದು ಪ್ರಶ್ನೆ. ಅದನ್ನು ಕೇಳಿದ್ದು ಪುಣೆಯ ಕನ್ನಿ ಸ್ವಾಮಿಯೊಬ್ಬರ ತಂಗಿ. ಏಳನೇ ತರಗತಿಯ ಹುಡುಗಿ. ಅವರ ಮನೆಯ ನಾಯಿ ಕರಿಯ ಇಲಿ ಪಾಷಾಣ ತಿಂದು, ಸಾವಿನ ಬಾಗಿಲಿಗೆ ಹೋಗಿ, ವಾಪಸ್ ಬಂದ. ಮನೆಯವರೆಲ್ಲ ಖುಷಿಯಲ್ಲಿದ್ದಾಗ ಆ ಹುಡುಗಿ ಕೇಳಿದಳಂತೆ: "ಅಣ್ಣ, ಅದನ್ನ ಇಲಿಗೆ ಅಂತ ಇಟ್ಟಿದ್ದು ತಾನೆ? ಹಾಗಾದ್ರೆ ಇಲಿಗೂ ಹೀಗೇ ಆಗುತ್ತಾ?"

ಹೌದು, ಇಲಿಗೂ ಹೀಗೇ ಆಗುತ್ತದೆ. ಹಾಗಿದ್ದ ಮೇಲೆ ಒಂದು ಜೀವಕ್ಕಾಗಿ ನಾಲ್ಕು ವಾರ ನಿದ್ದೆಗೆಟ್ಟು ಶುಶ್ರೂಷೆ ಮಾಡಿ, ಇನ್ನೊಂದನ್ನು ಪೊರಕೆಯಲ್ಲಿ ಗುಡಿಸಿ ಹಾಕುವುದು ಸರಿಯೇ? ಎಲ್ಲರಲ್ಲೂ ಸ್ವಾಮಿಯನ್ನೇ ಕಾಣಬೇಕು ಎಂದು ಮಾಲೆ ಹಾಕಿಕೊಂಡವರು ನಾವು. ಈ ಪ್ರಶ್ನೆಯನ್ನು ಮಕ್ಕಳ ಮಾತು ಎಂದು ತಳ್ಳಿಹಾಕುವ ಹಾಗಿಲ್ಲ.

ಮೊದಲು ನಡೆದದ್ದನ್ನು ಹೇಳುತ್ತೇನೆ. ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಇಲಿಗಳು ಕಾರಿನ ವೈರು ಕಡಿಯುತ್ತಿದ್ದವು. ದೂರು ಹೆಚ್ಚಾದಾಗ ಸೊಸೈಟಿಯವರು ಮೂಲೆ ಮೂಲೆಗೆ ನೀಲಿ ಬಣ್ಣದ ಬಿಲ್ಲೆ ಇಡಿಸಿದರು. ಸಂಜೆ ತಿರುಗಾಟಕ್ಕೆ ಹೋದ ಕರಿಯ ಅದರಲ್ಲಿ ಎರಡನ್ನು ಅಗಿದ. ಆ ದಿನ ಏನೂ ಆಗಲಿಲ್ಲ, ಮರುದಿನವೂ ಆಡಿಕೊಂಡೇ ಇದ್ದ. ಮೂರನೆಯ ದಿನ ಊಟ ಬಿಟ್ಟ. ನಾಲ್ಕನೆಯ ದಿನ ಬೆಳಿಗ್ಗೆ ಮೇಲೇಳಲಿಲ್ಲ. ಮೂಗಿನಿಂದ ರಕ್ತ, ವಸಡು ಬಿಳಿಚಿಕೊಂಡಿತ್ತು, ಏದುಸಿರು. ಪಶುವೈದ್ಯರು ರಕ್ತ ಹೆಪ್ಪುಗಟ್ಟುವ ಸಮಯವನ್ನು ಪರೀಕ್ಷಿಸಿ, ಬಿಲ್ಲೆಯ ಕವರು ತರಿಸಿ ನೋಡಿದರು. ವಿಟಮಿನ್ ಕೆ1 ಚುಚ್ಚುಮದ್ದು ಕೊಟ್ಟರು. ಪಕ್ಕದ ಬೀದಿಯವರೊಬ್ಬರು ತಮ್ಮ ದೊಡ್ಡ ನಾಯಿಯನ್ನು ಕರೆತಂದರು. ಅದರ ರಕ್ತ ಕರಿಯನ ಮೈಗೆ ಏರಿತು. ಎರಡು ರಾತ್ರಿ ಕಳೆದ ಮೇಲೆ ಕರಿಯ ಬಾಲ ಅಲ್ಲಾಡಿಸಿದ. ಆಮೇಲೆ ನಾಲ್ಕು ವಾರ ದಿನವೂ ಮಾತ್ರೆ. ಓಟ, ಜಿಗಿತ ಎಲ್ಲ ಬಂದ್.

ಈ ನಡುವೆ ಆ ಸ್ವಾಮಿಗೆ ಇನ್ನೊಂದು ಚಿಂತೆ. ಮಾಲೆ ಹಾಕಿ ನಾಲ್ಕೇ ದಿನವಾಗಿತ್ತು. ಕೈಗೆಲ್ಲ ನಾಯಿಯ ರಕ್ತ. ಮೈಲಿಗೆಯಾಯಿತೇ, ಮಾಲೆ ತೆಗೆಯಬೇಕೇ ಎಂದು ಗುರುಸ್ವಾಮಿಗಳನ್ನು ಕೇಳಿದರು. "ಮಾಲೆ ಯಾಕೆ ತೆಗೀತೀರಿ ಸ್ವಾಮಿ? ಸ್ನಾನ ಮಾಡಿ ದೀಪ ಹಚ್ಚಿ. ರಾತ್ರಿ ಮತ್ತೆ ಒರೆಸಬೇಕಾಗಿ ಬಂದ್ರೆ ಒರೆಸಿ, ಮತ್ತೆ ಸ್ನಾನ ಮಾಡಿ" ಎಂದರು ಗುರುಸ್ವಾಮಿ. ಆ ಚಿಂತೆ ಅಲ್ಲಿಗೆ ಮುಗಿಯಿತು. ತಂಗಿಯ ಪ್ರಶ್ನೆ ಮುಗಿಯಲಿಲ್ಲ.

ವಿಷ ಮಾಡುವ ಕೆಲಸ

ಆ ಬಿಲ್ಲೆಯಲ್ಲಿದ್ದದ್ದು ಬ್ರೊಮಾಡಿಯೊಲೋನ್. 100 ಗ್ರಾಂ ಬಿಲ್ಲೆಯಲ್ಲಿ ಇರುವ ವಿಷ ಬರೀ 5 ಮಿಲಿಗ್ರಾಂ. ನಮ್ಮ ಪಿತ್ತಜನಕಾಂಗ, ಅಂದರೆ ಲಿವರ್, ರಕ್ತ ಹೆಪ್ಪುಗಟ್ಟಲು ಬೇಕಾದ ಕೆಲವು ಅಂಶಗಳನ್ನು ವಿಟಮಿನ್ ಕೆ ಬಳಸಿ ತಯಾರಿಸುತ್ತದೆ. ಒಮ್ಮೆ ಬಳಸಿದ ವಿಟಮಿನನ್ನು ದೇಹ ಎಸೆಯುವುದಿಲ್ಲ, ಸರಿಪಡಿಸಿ ಮತ್ತೆ ಬಳಸುತ್ತದೆ. ಈ ವಿಷ ಆ ಸರಿಪಡಿಸುವ ಕೆಲಸವನ್ನು ನಿಲ್ಲಿಸಿಬಿಡುತ್ತದೆ. ಮೊದಲೇ ತಯಾರಾಗಿದ್ದ ದಾಸ್ತಾನು ಎರಡು ಮೂರು ದಿನ ನಡೆಸುತ್ತದೆ, ಆಮೇಲೆ ಖಾಲಿ. ನಡೆದಾಡುವಾಗ, ಹಾರುವಾಗ ಒಳಗೆ ಆಗುವ ಸಣ್ಣ ಸಣ್ಣ ಬಿರುಕುಗಳು ಕೂಡ ಮುಚ್ಚದೆ ರಕ್ತ ಒಳಗೊಳಗೇ ಸೋರುತ್ತದೆ.

ಈ ತಡವನ್ನು ಬೇಕೆಂದೇ ಆರಿಸಿಕೊಂಡಿದ್ದಾರೆ. ಇಲಿ ಜಾಣ ಪ್ರಾಣಿ. ಹೊಸ ತಿಂಡಿಯನ್ನು ಸ್ವಲ್ಪವೇ ರುಚಿ ನೋಡುತ್ತದೆ, ಹೊಟ್ಟೆ ಕೆಟ್ಟರೆ ಮತ್ತೆ ಮುಟ್ಟುವುದಿಲ್ಲ. ಸಾವು ಮೂರು ನಾಲ್ಕು ದಿನ ತಡವಾಗಿ ಬಂದರೆ ಅದಕ್ಕೆ ಕಾರಣ ಗೊತ್ತಾಗುವುದಿಲ್ಲ. ಅದೇ ತಡ ನಾಯಿ ಸಾಕಿದವರನ್ನೂ ಮೋಸಗೊಳಿಸುತ್ತದೆ: ಎರಡು ದಿನ ಚೆನ್ನಾಗಿದೆಯಲ್ಲ, ಏನೂ ಆಗಿಲ್ಲ ಎಂದುಕೊಳ್ಳುತ್ತಾರೆ. ಆದರೆ ನಾಯಿಯನ್ನು ಉಳಿಸುವುದೂ ಅದೇ ತಡ. ತಿಂದದ್ದು ಗೊತ್ತಾದ ಕೂಡಲೇ ಓಡಿದರೆ ಮದ್ದಿಗೆ ಸಮಯವಿರುತ್ತದೆ. ಇನ್ನೊಂದು ವ್ಯತ್ಯಾಸ: ನಾಯಿ ವಾಂತಿ ಮಾಡಿಕೊಳ್ಳಬಲ್ಲದು. ಇಲಿಯ ದೇಹಕ್ಕೆ ವಾಂತಿ ಮಾಡುವ ಶಕ್ತಿಯೇ ಇಲ್ಲ. ಒಳಗೆ ಹೋದದ್ದು ಹೋಯಿತು.

ಇದರ ಹುಟ್ಟಿನ ಕಥೆಯೂ ತಿಳಿದುಕೊಳ್ಳುವಂಥದ್ದು. 1920ರ ದಶಕದಲ್ಲಿ ಕೆನಡಾ ಮತ್ತು ಅಮೆರಿಕದ ಉತ್ತರ ಭಾಗದಲ್ಲಿ ದನಗಳು ರಕ್ತ ಸೋರಿ ಸಾಯುತ್ತಿದ್ದವು. ಬೂಷ್ಟು ಹಿಡಿದ ಒಂದು ಜಾತಿಯ ಮೇವು ತಿಂದದ್ದೇ ಕಾರಣ. 1933ರಲ್ಲಿ ವಿಸ್ಕಾನ್ಸಿನ್‌ನ ರೈತನೊಬ್ಬ ಹಿಮದ ಬಿರುಗಾಳಿಯಲ್ಲಿ ಸತ್ತ ಹಸುವಿನ ಜೊತೆ, ಹೆಪ್ಪುಗಟ್ಟದ ರಕ್ತವನ್ನು ಹಾಲಿನ ಕ್ಯಾನಿನಲ್ಲಿ ತುಂಬಿಕೊಂಡು ಅಲ್ಲಿನ ವಿಶ್ವವಿದ್ಯಾಲಯಕ್ಕೆ ಬಂದ. ಕಾರ್ಲ್ ಪಾಲ್ ಲಿಂಕ್ ಎಂಬ ವಿಜ್ಞಾನಿಯ ತಂಡ ವರ್ಷಗಟ್ಟಲೆ ದುಡಿದು ಅದರ ಕಾರಣ ಹುಡುಕಿತು. ಅದರಿಂದ ಬಂದ ವಾರ್ಫರಿನ್ 1948ರಲ್ಲಿ ಇಲಿ ಪಾಷಾಣವಾಯಿತು. 1954ರಲ್ಲಿ ಅದೇ ವಾರ್ಫರಿನ್ ಮನುಷ್ಯರ ಔಷಧಿಯಾಯಿತು. ಹೃದಯದ ಕವಾಟ ಬದಲಿಸಿಕೊಂಡ ಎಷ್ಟೋ ಹಿರಿಯರು ಇವತ್ತಿಗೂ ವೈದ್ಯರು ಅಳೆದು ಕೊಟ್ಟ ಪ್ರಮಾಣದಲ್ಲಿ ಅದನ್ನು ನುಂಗಿ ಬದುಕಿದ್ದಾರೆ. ಸೊಪ್ಪು ತಿನ್ನುವುದರಲ್ಲಿ ಏರುಪೇರು ಬೇಡ ಎಂದು ಅವರಿಗೆ ಹೇಳುವುದು ಅದಕ್ಕೇ, ಹಸಿರು ಸೊಪ್ಪಿನಲ್ಲಿ ವಿಟಮಿನ್ ಕೆ1 ಇರುತ್ತದೆ. ಆ ವಿಟಮಿನ್ ಗೊತ್ತಾದದ್ದು ಡೆನ್ಮಾರ್ಕಿನ ಹೆನ್ರಿಕ್ ಡಾಮ್ ಕೋಳಿಮರಿಗಳ ರಕ್ತಸ್ರಾವಕ್ಕೆ ಕಾರಣ ಹುಡುಕಿದ್ದರಿಂದ. 1943ರ ನೊಬೆಲ್ ಅವರಿಗೂ ಎಡ್ವರ್ಡ್ ಡೋಯ್ಸಿಗೂ ಬಂತು.

ಅಂದರೆ ವಿಷ ಹುಟ್ಟಿದ್ದು ಕೆಟ್ಟ ಮೇವಿನಲ್ಲಿ, ಮದ್ದು ಇರುವುದು ಹಸಿರೆಲೆಯಲ್ಲಿ. ವಸ್ತುವಿಗೆ ಪಾಪವೂ ಇಲ್ಲ, ಪುಣ್ಯವೂ ಇಲ್ಲ. ಅದನ್ನು ಯಾರು, ಎಲ್ಲಿ, ಎಷ್ಟು, ಯಾಕೆ ಇಡುತ್ತಾರೆ ಎಂಬಲ್ಲಿ ಧರ್ಮದ ಪ್ರಶ್ನೆ ಶುರುವಾಗುತ್ತದೆ.

ಎರಡು ಸುಲಭ ಉತ್ತರಗಳು

ಒಂದು ಉತ್ತರ: "ಇಲಿ ಅಂದ್ರೆ ಪೀಡೆ. ಪೀಡೆಗೆ ಎಂಥ ಕರುಣೆ?" ಆದರೆ ಪೀಡೆ ಅನ್ನುವುದು ನಾವು ಇಟ್ಟ ಹೆಸರು. ಹೆಸರು ಬದಲಾದರೆ ನೋವು ಬದಲಾಗುವುದಿಲ್ಲ. ಕರಿಯನ ಮೈಯೊಳಗೆ ಏನಾಯಿತೋ ಅದೇ ಇಲಿಯ ಮೈಯೊಳಗೂ ಆಗುತ್ತದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯನ್ನು ನಾವು ಯಾರ್ಯಾರಿಗೋ ಹೇಳುತ್ತೇವೆ, ಇಲಿಯ ಬಗ್ಗೆ ಯೋಚಿಸುವುದೇ ಇಲ್ಲ. ಗಣಪತಿ ಪೂಜೆಯ ದಿನ ಆ ಇಲಿಗೂ ಒಂದು ಹೂವು ಏರಿಸಿರುತ್ತೇವೆ.

ಇನ್ನೊಂದು ಉತ್ತರ: "ಎಲ್ಲ ಜೀವವೂ ಒಂದೇ. ಇಲಿಯನ್ನು ಮುಟ್ಟಲೇಬಾರದು." ಕೇಳಲು ಚೆಂದ. ಆದರೆ ಮುಂಬೈಯಲ್ಲಿರುವ ಸ್ವಾಮಿಗಳು ಮಳೆಗಾಲದ ಇಲಿಜ್ವರ ಬಲ್ಲರು. ಇಲಿಯ ಮೂತ್ರ ಸೇರಿದ ನೀರಿನಲ್ಲಿ ಬರಿಗಾಲಲ್ಲಿ ನಡೆದವರು ಆಸ್ಪತ್ರೆ ಸೇರುತ್ತಾರೆ, ಕೆಲವರು ವಾಪಸ್ ಬರುವುದಿಲ್ಲ. 1896ರಲ್ಲಿ ಅದೇ ಮುಂಬೈಗೆ ಪ್ಲೇಗು ಬಂದಾಗ ಜನ ಊರು ಬಿಟ್ಟು ಓಡಿದರು. ನಮ್ಮ ಕರ್ನಾಟಕದ ಊರುಗಳಲ್ಲೂ ಪ್ಲೇಗಮ್ಮನ ಗುಡಿಗಳಿವೆ, ಆ ಭಯದ ಗುರುತಾಗಿ. ಇವತ್ತಿಗೂ ಮುಂಬೈ ಪಾಲಿಕೆಯಲ್ಲಿ ರಾತ್ರಿ ಹೊತ್ತು ಬ್ಯಾಟರಿ, ದೊಣ್ಣೆ ಹಿಡಿದು ಇಲಿ ಹೊಡೆಯುವ ನೌಕರರಿದ್ದಾರೆ. ನಾವು ಅಹಿಂಸೆಯ ಮಾತಾಡುತ್ತಾ ನೆಮ್ಮದಿಯಾಗಿ ಮಲಗುತ್ತೇವೆ, ಆ ಕೆಲಸವನ್ನು ಬಡವನೊಬ್ಬ ನಮ್ಮ ಪರವಾಗಿ ಮಾಡುತ್ತಾನೆ. ಇನ್ನೊಬ್ಬರ ಕೈಗೆ ದಾಟಿಸಿದ ಹಿಂಸೆ ಅಹಿಂಸೆ ಆಗುವುದಿಲ್ಲ.

ಮಹಾಭಾರತದ ವನಪರ್ವದಲ್ಲಿ ಧರ್ಮವ್ಯಾಧನ ಕಥೆ ಬರುತ್ತದೆ. ಮಿಥಿಲೆಯ ಮಾಂಸದ ಅಂಗಡಿಯವನ ಹತ್ತಿರ ಕೌಶಿಕನೆಂಬ ತಪಸ್ವಿ ಧರ್ಮ ಕಲಿಯಲು ಬರುತ್ತಾನೆ. ವ್ಯಾಧ ಅವನಿಗೆ ಹೇಳುವುದರ ಸಾರ ಇಷ್ಟು: ಹೊಲ ಉಳುವವನ ನೇಗಿಲಿಗೆ ಎಷ್ಟೋ ಜೀವ ಸಾಯುತ್ತವೆ, ನಡೆಯುವವನ ಕಾಲಡಿಯಲ್ಲೂ ಸಾಯುತ್ತವೆ. ಪೂರ್ತಿ ಅಹಿಂಸೆಯಲ್ಲಿ ಬದುಕುವವರು ಯಾರೂ ಇಲ್ಲ. ಆದರೆ ಪ್ರಯತ್ನಪಟ್ಟರೆ ಹಿಂಸೆ ಕಡಿಮೆಯಾಗುತ್ತದೆ. ಈ ಕೊನೆಯ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಪೂರ್ತಿ ಆಗದು ಎಂದು ಕೈಬಿಡುವುದಲ್ಲ, ಆದಷ್ಟು ಕಡಿಮೆ ಮಾಡುವುದು.

ನಮ್ಮವರನ್ನು ಹೆಚ್ಚು ಪ್ರೀತಿಸುವುದು ತಪ್ಪೇ?

ಹುಡುಗಿಯ ಪ್ರಶ್ನೆಯೊಳಗೆ ಇನ್ನೊಂದು ಪ್ರಶ್ನೆ ಅಡಗಿದೆ. ಕರಿಯನಿಗೆ ಇಷ್ಟೆಲ್ಲ ಮಾಡಿದ್ದು ಪಕ್ಷಪಾತವೇ?

ಮಹಾಪ್ರಸ್ಥಾನಿಕ ಪರ್ವ ನೆನಪಿಸಿಕೊಳ್ಳಿ. ತಮ್ಮಂದಿರು, ದ್ರೌಪದಿ ಎಲ್ಲ ದಾರಿಯಲ್ಲಿ ಬಿದ್ದಾಗಿದೆ. ಧರ್ಮರಾಯನ ಹಿಂದೆ ಉಳಿದದ್ದು ಒಂದು ನಾಯಿ. ಇಂದ್ರ ರಥ ತಂದು ನಾಯಿಯನ್ನು ಬಿಟ್ಟು ಹತ್ತು ಎನ್ನುತ್ತಾನೆ. ಧರ್ಮರಾಯ ಒಪ್ಪುವುದಿಲ್ಲ. ಅಲ್ಲಿ ಅವನು ಆ ನಾಯಿಗೆ ಬಳಸುವ ಪದ ಯಾವುದು ಗೊತ್ತೇ ಸ್ವಾಮಿಗಳೇ? "ಭಕ್ತ". ನಂಬಿ ಬಂದ ಭಕ್ತನನ್ನು ಬಿಡುವುದು ಮಹಾಪಾಪ ಎಂಬುದು ಅವನ ನಿಲುವು. ಲೋಕದ ಎಲ್ಲ ನಾಯಿಗಳನ್ನೂ ಸ್ವರ್ಗಕ್ಕೆ ಒಯ್ಯುತ್ತೇನೆ ಎಂದು ಅವನು ಹೇಳಲಿಲ್ಲ. ನನ್ನನ್ನು ನಂಬಿ ಜೊತೆಗೆ ನಡೆದು ಬಂದ ಇದನ್ನು ಬಿಡಲಾರೆ ಎಂದ, ಅಷ್ಟೇ.

ಇಂಥದ್ದು ನಮ್ಮ ದಾರಿಯಲ್ಲೂ ನಡೆದಿದೆ. 2019ರಲ್ಲಿ ತಿರುಮಲದಿಂದ ಶಬರಿಮಲೆಗೆ ಪಾದಯಾತ್ರೆ ಹೊರಟ 13 ಮಂದಿ ಸ್ವಾಮಿಗಳ ಹಿಂದೆ ಬೀದಿನಾಯಿಯೊಂದು ನಡೆಯತೊಡಗಿತು. ಚಿಕ್ಕಮಗಳೂರು ಜಿಲ್ಲೆಯ ಕೊಟ್ಟಿಗೆಹಾರ ತಲುಪುವ ಹೊತ್ತಿಗೆ ಅದು ಸುಮಾರು 480 ಕಿ.ಮೀ. ನಡೆದಿದೆ ಎಂದು ಪತ್ರಿಕೆಗಳಲ್ಲಿ ಬಂತು. ಅದನ್ನು ಯಾರೂ ಕರೆದಿರಲಿಲ್ಲ. ಆದರೂ ಸ್ವಾಮಿಗಳು ತಮಗೆ ಮಾಡಿದ ಅಡುಗೆಯಲ್ಲಿ ಅದಕ್ಕೂ ಬಡಿಸುತ್ತಾ ನಡೆದರು.

ನಂಬಿ ಬಂದ ಜೀವದ ಮೇಲೆ ನಮಗೆ ಹೆಚ್ಚಿನ ಹೊಣೆ ಇದೆ. ತಾಯಿ ತನ್ನ ಮಗುವಿಗೆ ಮೊದಲು ಉಣಿಸಿದರೆ ಅದು ಬೇರೆ ಮಕ್ಕಳಿಗೆ ಮಾಡಿದ ದ್ರೋಹವಲ್ಲ. ಆದ್ದರಿಂದ ಕರಿಯನಿಗೆ ಮಾಡಿದ್ದು ತಪ್ಪಲ್ಲ. ಆದರೆ ನನ್ನ ನಾಯಿಯನ್ನು ಹೆಚ್ಚು ಪ್ರೀತಿಸುವ ಹಕ್ಕು, ಇಲಿಯನ್ನು ಹೆಚ್ಚು ಹಿಂಸಿಸುವ ಹಕ್ಕಾಗುವುದಿಲ್ಲ. ಈ ಎರಡರ ನಡುವಿನ ಗೆರೆಯನ್ನು ನಾವು ಎಷ್ಟೋ ಸಲ ಮರೆಯುತ್ತೇವೆ.

ಆ ಗೆರೆಗೆ ವ್ಯಾಸರ ಹತ್ತಿರ ಒಂದು ಹೆಸರಿದೆ: ಆನೃಶಂಸ್ಯ. ಕ್ರೂರವಾಗದಿರುವುದು ಎಂದು ಅರ್ಥ. ಯಕ್ಷಪ್ರಶ್ನೆಯಲ್ಲಿ ಯಾವ ಧರ್ಮ ಎಲ್ಲಕ್ಕಿಂತ ದೊಡ್ಡದು ಎಂದು ಕೇಳಿದಾಗ ಧರ್ಮರಾಯ ಕೊಡುವ ಉತ್ತರ ಇದೇ. ಅಹಿಂಸೆ ಯಾರನ್ನೂ ನೋಯಿಸದಿರುವುದು. ಸಂಸಾರ ಮಾಡುವವರಿಗೆ ಅದು ಪೂರ್ತಿ ಸಾಧ್ಯವಿಲ್ಲ ಎಂದು ವ್ಯಾಧನೇ ಹೇಳಿದ. ಆನೃಶಂಸ್ಯ ಹಾಗಲ್ಲ. ಅದನ್ನು ಫ್ಲ್ಯಾಟಿನಲ್ಲಿ ಇರುವವರೂ, ಹೊಲದಲ್ಲಿ ದುಡಿಯುವವರೂ, ಪಾಲಿಕೆಯ ನೌಕರರೂ ನಡೆಸಬಹುದು. ಇಲಿಯನ್ನು ತಡೆಯಲೇಬೇಕಾದರೆ ತಡೆ. ಆದರೆ ಕೊಲ್ಲದೆ ಆಗುವುದಿದ್ದರೆ ಕೊಲ್ಲಬೇಡ. ಬೇಗ ಮುಗಿಯುವ ದಾರಿ ಇದ್ದರೆ ದಿನಗಟ್ಟಲೆ ನರಳಿಸುವ ದಾರಿ ಹಿಡಿಯಬೇಡ. ಕಣ್ಣಿಗೆ ಕಾಣುವುದಿಲ್ಲ ಎಂಬ ಕಾರಣಕ್ಕೆ ಅದು ನೋವೇ ಅಲ್ಲ ಎನ್ನಬೇಡ.

ಬೇಕೆಂದು ಮಾಡಲಿಲ್ಲ, ನಿಜ

ಸೊಸೈಟಿಯವರು ಕರಿಯನನ್ನು ಕೊಲ್ಲಬೇಕೆಂದು ಬಿಲ್ಲೆ ಇಡಲಿಲ್ಲ. ಹಾಗಾದರೆ ಅವರಿಗೆ ಹೊಣೆ ಇಲ್ಲವೇ?

ಕಲ್ಲು ಎಸೆದವನು ಒಂದು ಗುರಿ ನೋಡಿ ಎಸೆಯುತ್ತಾನೆ. ವಿಷ ಇಡುವವನ ಗುರಿ ಅವನ ಮನಸ್ಸಿನಲ್ಲಿ ಮಾತ್ರ ಇರುತ್ತದೆ, ವಿಷಕ್ಕೆ ಅದು ಗೊತ್ತಿಲ್ಲ. ಇಲಿಯ ಬಾಯಿ, ನಾಯಿಯ ಬಾಯಿ, ಪಾರ್ಕಿಂಗ್‌ನಲ್ಲಿ ಆಡುವ ಮಗುವಿನ ಬಾಯಿ ಎಲ್ಲ ಅದಕ್ಕೆ ಒಂದೇ. ವಿಷ ತಿಂದ ಇಲಿಯನ್ನು ಹಿಡಿದ ಬೆಕ್ಕು, ಗೂಬೆ, ಹದ್ದಿಗೂ ಅದು ದಾಟುತ್ತದೆ. ವರ್ಷಕ್ಕೆ ಲೆಕ್ಕವಿಲ್ಲದಷ್ಟು ಇಲಿ ಹಿಡಿಯುವ ಗೂಬೆಯನ್ನೇ ಕೊಂದರೆ ಇಲಿ ಕಡಿಮೆಯಾಗುವುದು ಹೇಗೆ? ಆದ್ದರಿಂದ ವಿಷ ಇಡುವವನು ಇಟ್ಟ ಕ್ಷಣದಲ್ಲೇ ಎಲ್ಲ ಬಾಯಿಗಳ ಹೊಣೆಯನ್ನೂ ಹೊತ್ತುಕೊಳ್ಳುತ್ತಾನೆ. ಬೇಕೆಂದು ಮಾಡದ್ದು ದ್ವೇಷವಲ್ಲ, ನಿಜ. ಆದರೆ ಯೋಚಿಸದೆ ಮಾಡಿದ್ದು ನಿರ್ದೋಷವೂ ಅಲ್ಲ.

ಮಹಾಭಾರತದ ಕೊನೆಯಲ್ಲಿ ಒಂದು ನಾಯಿ ಇದ್ದಂತೆ, ಆರಂಭದಲ್ಲೂ ಒಂದು ನಾಯಿ ಇದೆ. ಜನಮೇಜಯ ಕುರುಕ್ಷೇತ್ರದಲ್ಲಿ ಯಾಗ ನಡೆಸುತ್ತಿದ್ದಾಗ ಸರಮೆಯ ಮರಿ ಅಲ್ಲಿಗೆ ಬರುತ್ತದೆ. ಅದು ಹವಿಸ್ಸನ್ನು ನೆಕ್ಕಿರಲಿಲ್ಲ, ಕಣ್ಣೆತ್ತಿ ನೋಡಿರಲೂ ಇಲ್ಲ. ಆದರೂ ರಾಜನ ತಮ್ಮಂದಿರು ಅದನ್ನು ಹೊಡೆಯುತ್ತಾರೆ. ಅಳುತ್ತಾ ಹೋದ ಮರಿಯನ್ನು ಕಂಡು ಸರಮೆ ಯಾಗಶಾಲೆಗೇ ಬಂದು, ತಪ್ಪಿಲ್ಲದ ನನ್ನ ಮಗನನ್ನು ಯಾಕೆ ಹೊಡೆದಿರಿ ಎಂದು ಕೇಳುತ್ತಾಳೆ. ಯಾರೂ ಉತ್ತರಿಸುವುದಿಲ್ಲ. ಕಾಣದ ಕಡೆಯಿಂದ ನಿಮಗೆ ಭಯ ಬರಲಿ ಎಂದು ಶಪಿಸಿ ಹೋಗುತ್ತಾಳೆ.

ಯಾಗ ದೊಡ್ಡದಿತ್ತು. ಮಂತ್ರದಲ್ಲಿ ಲೋಪವಿತ್ತು ಎಂದು ಕಥೆ ಹೇಳುವುದಿಲ್ಲ. ಬಾಗಿಲಲ್ಲಿ ಒಂದು ಮರಿಗೆ ಏನಾಯಿತು ಎಂಬುದು ಆ ಯಾಗಕ್ಕೆ ಅಂಟಿಕೊಂಡಿತು. 41 ದಿನದ ವ್ರತ ಹಿಡಿಯುವ ನಮಗೆ ಇದಕ್ಕಿಂತ ನೇರವಾದ ಎಚ್ಚರಿಕೆ ಬೇಕಿಲ್ಲ. ಉಪವಾಸ, ಸ್ನಾನ, ಭಜನೆ ಎಲ್ಲ ಸರಿಯಾಗಿದ್ದು, ಬಾಗಿಲಾಚೆಯ ಜೀವದ ಬಗ್ಗೆ ಕಲ್ಲಾಗಿದ್ದರೆ ಆ ವ್ರತ ಪೂರ್ತಿಯಾಗಲಿಲ್ಲ.

ಪ್ರಾರ್ಥನೆಯೋ, ಮದ್ದೋ?

ಕರಿಯ ಬದುಕಿದ ದಿನ ಗುಂಪಿನಲ್ಲಿ "ಅಯ್ಯಪ್ಪನೇ ಉಳಿಸಿದ" ಎಂದು ಎಲ್ಲರೂ ಬರೆದರು. ಹೈದರಾಬಾದಿನ ಒಬ್ಬ ಸ್ವಾಮಿ ಮಾತ್ರ ಸುಮ್ಮನಿದ್ದರು. ಆಮೇಲೆ ಗೊತ್ತಾಯಿತು, ಎರಡು ವರ್ಷದ ಹಿಂದೆ ಅವರ ನಾಯಿಯೂ ಇಲಿ ಪಾಷಾಣಕ್ಕೆ ಸಿಕ್ಕಿತ್ತು. ಅದು ತಿಂದದ್ದು ಬೇರೆ ಬಗೆಯದು, ಜಿಂಕ್ ಫಾಸ್ಫೈಡ್ ಎಂಬ ಕಪ್ಪು ಪುಡಿ. ಹೊಟ್ಟೆಯ ಆಮ್ಲ ತಗುಲಿದರೆ ಅದು ವಿಷಾನಿಲವಾಗುತ್ತದೆ, ಅದಕ್ಕೆ ಪ್ರತಿವಿಷ ಇಲ್ಲ. ಅವರೂ ಪ್ರಾರ್ಥಿಸಿದ್ದರು. ನಾಯಿ ಬೆಳಗಾಗುವುದರೊಳಗೆ ಹೋಯಿತು.

ಹಾಗಾದರೆ ಪುಣೆಯವರ ಭಕ್ತಿ ದೊಡ್ಡದು, ಹೈದರಾಬಾದಿನವರದು ಸಣ್ಣದೇ? ಹಾಗೆ ಹೇಳುವ ಬಾಯಿ ನಮ್ಮದಾಗಬಾರದು. ಒಂದಕ್ಕೆ ಮದ್ದು ಇತ್ತು, ಸಮಯ ಇತ್ತು, ರಕ್ತ ಕೊಡುವ ನಾಯಿ ಸಿಕ್ಕಿತು. ಇನ್ನೊಂದಕ್ಕೆ ಸಿಗಲಿಲ್ಲ. ದೇವರ ಕೃಪೆ ಎಂದರೆ ಕೃಪೆಯೇ. ಆದರೆ ಅದು ಯಾರದೋ ಕೈಯಿಂದ ಬರುತ್ತದೆ: ರಾತ್ರಿ ಬಾಗಿಲು ತೆರೆದ ವೈದ್ಯರು, ನಾಯಿಯನ್ನು ಕರೆತಂದ ಪಕ್ಕದ ಬೀದಿಯವರು, ತೊಂಬತ್ತು ವರ್ಷದ ಹಿಂದೆ ಹಿಮದಲ್ಲಿ ರಕ್ತದ ಕ್ಯಾನು ಹೊತ್ತ ಗುರುತಿಲ್ಲದ ರೈತ. ಇವರನ್ನೆಲ್ಲ ಮರೆತು ದೇವರಿಗೆ ಮಾತ್ರ ಧನ್ಯವಾದ ಹೇಳಿದರೆ ದೇವರ ಕೈಗಳನ್ನೇ ಮರೆತಂತೆ. ಇನ್ನು ಪ್ರಾರ್ಥನೆ ಏನು ಮಾಡಿತು ಎಂದು ಕೇಳಿದರೆ, ಎರಡು ರಾತ್ರಿ ನಾಯಿಯ ಪಕ್ಕ ಅಲುಗದೆ ಕೂರುವ ಬಲವನ್ನು ಆ ಮನೆಯವರಿಗೆ ಕೊಟ್ಟಿತು. ಹೈದರಾಬಾದಿನವರಿಗೂ ಅದೇ ಬಲ ಕೊಟ್ಟಿತು, ಕೊನೆಯ ಉಸಿರಿನವರೆಗೂ ಅವರು ಎದ್ದು ಹೋಗಲಿಲ್ಲ.

ಕೈಯಲ್ಲಿ ಆಗುವ ಕೆಲಸ

ವಿಚಾರ ಆಚರಣೆಗೆ ಬರದಿದ್ದರೆ ಪ್ರಯೋಜನವಿಲ್ಲ. ಆದ್ದರಿಂದ ಇಷ್ಟನ್ನು ನೆನಪಿಟ್ಟುಕೊಳ್ಳಿ.

ನಾಯಿ ಇಲಿ ಪಾಷಾಣ ತಿಂದಿದೆ ಎಂಬ ಅನುಮಾನ ಬಂದರೆ ಲಕ್ಷಣ ಕಾಣಲಿ ಎಂದು ಕಾಯಬೇಡಿ, ಕೂಡಲೇ ಪಶುವೈದ್ಯರ ಬಳಿ ಹೋಗಿ. ಕವರು ಅಥವಾ ಉಳಿದ ಚೂರನ್ನು ಜೊತೆಗೆ ಒಯ್ಯಿರಿ. ಯಾವ ವಿಷ ಎಂಬುದರ ಮೇಲೆ ಚಿಕಿತ್ಸೆ ಪೂರ್ತಿ ಬದಲಾಗುತ್ತದೆ. ಉಪ್ಪುನೀರು, ಹಾಲು, ಎಣ್ಣೆ ಕುಡಿಸಬೇಡಿ. ಫಾಸ್ಫೈಡ್ ತಿಂದಿದ್ದರೆ ಅದರ ವಾಂತಿಯ ಗಾಳಿ ಮನುಷ್ಯರಿಗೂ ಅಪಾಯ, ಕಿಟಕಿ ತೆರೆದಿಡಿ. ವಿಟಮಿನ್ ಕೆ1 ಮಾತ್ರೆಯನ್ನು ವೈದ್ಯರು ಹೇಳಿದಷ್ಟು ದಿನ, ಸ್ವಲ್ಪ ಜಿಡ್ಡಿರುವ ಊಟದ ಜೊತೆ ಕೊಡಿ. ನಾಯಿ ಚುರುಕಾಯಿತು ಎಂದು ನಡುವೆ ನಿಲ್ಲಿಸಬೇಡಿ, ವಿಷ ಲಿವರಿನಲ್ಲಿ ವಾರಗಟ್ಟಲೆ ಕೂತಿರುತ್ತದೆ. ಮಾತ್ರೆ ಮುಗಿದ ಎರಡು ಮೂರು ದಿನಕ್ಕೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿದರೆ ಗುಣವಾಯಿತೋ ಇಲ್ಲವೋ ಗೊತ್ತಾಗುತ್ತದೆ. ಅಲ್ಲಿಯವರೆಗೆ ಓಡಿಸಬೇಡಿ, ಜಿಗಿಸಬೇಡಿ.

ಇಲಿಯ ವಿಷಯಕ್ಕೆ: ಮೊದಲು ಅದರ ಊಟ ನಿಲ್ಲಿಸಿ. ಅಕ್ಕಿ ಬೇಳೆಗೆ ಗಟ್ಟಿ ಮುಚ್ಚಳದ ಡಬ್ಬಿ, ರಾತ್ರಿ ಕಸ ಹೊರಗಿಡದಿರುವುದು, ಪೈಪಿನ ಸಂದಿ, ಬಾಗಿಲ ಕೆಳಗಿನ ಸಂದಿ ಮುಚ್ಚುವುದು, ಮೋರಿಗೆ ಕಬ್ಬಿಣದ ಜಾಲರಿ. ಊಟವೂ ದಾರಿಯೂ ಸಿಗದಿದ್ದರೆ ಇಲಿ ತಾನೇ ಬೇರೆಡೆ ಹೋಗುತ್ತದೆ. ಆಮೇಲೆ ಬೋನು. ಅಂಟಿನ ಹಲಗೆ ಖಂಡಿತ ಬೇಡ, ಅದರ ಮೇಲೆ ಇಲಿ ದಿನಗಟ್ಟಲೆ ಒದ್ದಾಡುತ್ತದೆ. ಸೊಸೈಟಿ ವಿಷ ಇಡಲೇಬೇಕೆಂದರೆ ಬೀಗವಿರುವ ಪೆಟ್ಟಿಗೆಯಲ್ಲಿ ಇಡಲಿ, ಎಲ್ಲಿ ಯಾವತ್ತು ಇಟ್ಟರೆಂದು ಎಲ್ಲರಿಗೂ ತಿಳಿಸಲಿ, ಸತ್ತ ಇಲಿಗಳನ್ನು ಕೂಡಲೇ ತೆಗೆಸಲಿ. ಮುಂದಿನ ಸೊಸೈಟಿ ಸಭೆಯಲ್ಲಿ ಎದ್ದು ನಿಂತು ಇದನ್ನು ಕೇಳುವುದೂ ವ್ರತದ ಒಂದು ಭಾಗವೇ.

ಕನ್ನಿ ಸ್ವಾಮಿಗಳೇ, ನಿಮ್ಮಲ್ಲಿ ಯಾರಿಗಾದರೂ ಇದಕ್ಕಿಂತ ಬೇರೆ ಅಭಿಪ್ರಾಯವಿದ್ದರೆ ಬರೆಯಿರಿ. ಇಲಿಯಿಂದ ನಿಜವಾಗಿ ಕಷ್ಟಪಟ್ಟವರು, ಕಿರಾಣಿ ಅಂಗಡಿ ನಡೆಸುವವರು, ಊರಲ್ಲಿ ಹೊಲ ಇರುವವರು ಮೊದಲು ಬರೆಯಬೇಕು. ಅವರ ಕಷ್ಟ ಕೇಳದೆ ಕರುಣೆಯ ಮಾತಾಡುವುದು ಸುಲಭ. ಮುಂದಿನ ವಾರ ಆ ಉತ್ತರಗಳನ್ನೇ ಇಟ್ಟುಕೊಂಡು ಮಾತಾಡೋಣ.

ಸ್ವಾಮಿ ಶರಣಂ.